ಹೊಸ ಭಾಗ ಹಾಕಿಸಿದ ಮೇಲೆ ಬ್ರೇಕ್ ಕೀರುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಬೇರೆ ಬೇರೆ ಊರಿನವಾದರೂ ದೂರು ಹೆಚ್ಚುಕಡಿಮೆ ಒಂದೇ ಆಗಿದೆ. ಬೈಕಿನ ಬ್ರೇಕ್ ಸವೆದಿತ್ತು, ದುಡ್ಡು ಕೊಟ್ಟು ಹೊಸದನ್ನು ಹಾಕಿಸಿದೆವು, ಅಲ್ಲಿಯವರೆಗೆ ಇಲ್ಲದ ಸದ್ದು ಅಂದಿನಿಂದಲೇ ಶುರುವಾಯಿತು ಎನ್ನುವುದು ಆ ದೂರು. ಹೀಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಮುಂದೆ ಡಿಸ್ಕ್ ಬ್ರೇಕ್ ಇರುವ 150 ಸಿಸಿ ಬೈಕು. ಕೆಲಸದ ನಿಮಿತ್ತ ದಿನವೂ ತೋರಣಗಲ್ಲಿನಿಂದ ಸಂಡೂರಿಗೆ ಹೋಗಿ ಬರುತ್ತೇನೆ. 22,000 ಕಿ.ಮೀ. ಓಡಿದ ಮೇಲೆ ಕಳೆದ ತಿಂಗಳು ಮುಂದಿನ ಎರಡೂ ಪ್ಯಾಡ್‌ಗಳನ್ನು ಬದಲಾಯಿಸಿದೆ. ಅಂದಿನಿಂದ ಕೀರಲು ಸದ್ದು ಬರುತ್ತಿದೆ. ಜೋರಾಗಿ ಬ್ರೇಕ್ ಹಿಡಿದರೆ ಸದ್ದಿಲ್ಲ. ಊರೊಳಗೆ ನಿಧಾನವಾಗಿ ಹೋಗುತ್ತಾ ಲಿವರನ್ನು ಹಗುರವಾಗಿ ಒತ್ತಿದರೆ ಇಡೀ ಬಜಾರು ತಿರುಗಿ ನೋಡುವಂತೆ ಕೂಗುತ್ತದೆ. ಓಡಿಸುತ್ತಾ ಹೋದರೆ ತಾನೇ ಸರಿಹೋಗುತ್ತದೆ ಎಂದು ಮಿಸ್ತ್ರಿ ಹೇಳಿದರು, 400 ಕಿ.ಮೀ. ಆದರೂ ಹೋಗಿಲ್ಲ. ಮತ್ತೆ ಬಿಚ್ಚಿಸಿ ಪಾಲಿಶ್ ಪೇಪರಿನಿಂದ ಪ್ಯಾಡ್ ಉಜ್ಜಿಸಿದಾಗ ಎರಡು ದಿನ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ಹಾಡು. ಪ್ಯಾಡ್ ನಕಲಿಯೇ? ಡಿಸ್ಕನ್ನೂ ಬದಲಾಯಿಸಬೇಕೇ?

ಉತ್ತರ: ತಮ್ಮ ಪತ್ರದಲ್ಲಿ ರೋಗದ ಲಕ್ಷಣಗಳು ಸ್ಪಷ್ಟವಾಗಿ ಬಂದಿರುವುದರಿಂದ ನಮ್ಮ ಕೆಲಸ ಹಗುರವಾಯಿತು. ಹಗುರವಾಗಿ ಒತ್ತಿದಾಗ ಮಾತ್ರ ಕೂಗಿ, ಜೋರಾಗಿ ಹಿಡಿದಾಗ ಸುಮ್ಮನಾಗುವ ಬ್ರೇಕಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಪ್ಯಾಡಿನ ಹಿಂದಿರುವ ಉಕ್ಕಿನ ತಗಡು ಡಿಸ್ಕಿಗೆ ತಾಗಿದರೆ ಬರುವುದು ಕೀರಲಲ್ಲ, ಅರೆಯುವ ಕಲ್ಲಿನ ಗರಗರ ಸದ್ದು. ಅದು ಜೋರಾಗಿ ಹಿಡಿದಷ್ಟೂ ಹೆಚ್ಚುತ್ತದೆ. ಅಂಥ ಸದ್ದು ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ತಮ್ಮದು ಅದಲ್ಲ.

ಕೀರಲು ಸದ್ದು ಹುಟ್ಟುವ ಬಗೆಯನ್ನು ತಿಳಿಯಲು ಶಾಲೆಯ ಪಾಟಿಯನ್ನು ನೆನಪಿಸಿಕೊಂಡರೆ ಸಾಕು. ಬಳಪವನ್ನು ನೆಟ್ಟಗೆ ಹಿಡಿದು ಗೀಚಿದರೆ ಮೈ ಜುಮ್ಮೆನ್ನುವಂತೆ ಕಿರ್ರೆನ್ನುತ್ತದೆ. ಅದನ್ನೇ ತುಸು ಓರೆ ಮಾಡಿದರೆ ಅಥವಾ ಒತ್ತಿ ಗೀಚಿದರೆ ಸುಮ್ಮನಾಗುತ್ತದೆ. ಬಳಪ ಪಾಟಿಗೆ ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುವ ಕ್ರಿಯೆ ಸೆಕೆಂಡಿಗೆ ಸಾವಿರಾರು ಸಲ ನಡೆಯುವುದೇ ಆ ಸದ್ದು. ಬ್ರೇಕಿನಲ್ಲಿಯೂ ಪ್ಯಾಡ್ ಹೀಗೆಯೇ ನಡುಗುತ್ತದೆ, ಆ ನಡುಕಕ್ಕೆ ತೆಳುವಾದ ಡಿಸ್ಕ್ ಜಾಗಟೆಯ ಹಾಗೆ ದನಿಗೂಡಿಸುತ್ತದೆ. ನಡುಗಲು ಪ್ಯಾಡಿಗೆ ಸಡಿಲ ಇರಬೇಕು, ಇಲ್ಲವೇ ಅದು ಡಿಸ್ಕಿನ ಮೇಲೆ ಸಮನಾಗಿ ಕೂತಿರಬಾರದು. ಆದ್ದರಿಂದ ನಾವು ಹುಡುಕಬೇಕಾಗಿರುವುದು ಈ ಎರಡರ ಮೂಲವನ್ನು.

ಇನ್ನು, ಹಳೆಯ ಪ್ಯಾಡಿನಲ್ಲಿ ಇಲ್ಲದ ಸದ್ದು ಹೊಸದರಲ್ಲಿ ಏಕೆ ಎನ್ನುವ ಪ್ರಶ್ನೆ. ನಮ್ಮ ಜನ ಸಾಮಾನ್ಯವಾಗಿ ಹೊಸ ಭಾಗದ ಮೇಲೆಯೇ ಗುಮಾನಿ ಪಡುತ್ತಾರೆ, ಅಂಗಡಿಯವರನ್ನು ಬೈಯುತ್ತಾರೆ. ನಮ್ಮ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ತಪ್ಪು ಹೊಸ ಭಾಗದ್ದಾಗಿರುವುದಿಲ್ಲ, ಅದರ ಪಕ್ಕದಲ್ಲಿ ಉಳಿದುಕೊಂಡ ಹಳೆಯ ಭಾಗಗಳದ್ದಾಗಿರುತ್ತದೆ. ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಅದು ಹಿಡಿಸಬೇಕಾದರೆ ಪ್ಯಾಡುಗಳನ್ನು ಹಿಡಿದಿಟ್ಟು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಪೂರ್ತಿ ಹಿಂದಕ್ಕೆ ತಳ್ಳಬೇಕಾಗುತ್ತದೆ. ಹಳೆಯ ಪ್ಯಾಡ್ ಸವೆಯುತ್ತಾ ಬಂದ ಹಾಗೆಲ್ಲ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಬಂದಿರುತ್ತದೆ, ಹೀಗೆ ಹೊರಬಂದ ಭಾಗದ ಮೇಲೆ ಎರಡು ವರ್ಷದ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಒರೆಸದೆ ಹಾಗೆಯೇ ಒಳಕ್ಕೆ ತಳ್ಳಿದರೆ ಆ ಹೊಲಸೆಲ್ಲ ಪಿಸ್ಟನ್ ಸುತ್ತಲಿನ ರಬ್ಬರ್ ಸೀಲಿಗೆ ಸಿಕ್ಕಿಕೊಳ್ಳುತ್ತದೆ. ಲಿವರ್ ಬಿಟ್ಟ ಕೂಡಲೇ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಇದೇ ಸೀಲು. ಒತ್ತಡಕ್ಕೆ ತಿರುಚಿದ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನ್ನೂ ಅದರೊಡನೆ ಹಿಂದೆ ಸರಿಯುತ್ತದೆ. ಸೀಲಿನ ಬಾಯಲ್ಲಿ ಧೂಳು ಕೂತರೆ ಈ ಎಳೆತ ನಿಲ್ಲುತ್ತದೆ. ಆಗ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ, ಪೂರ್ತಿ ಹಿಡಿಯುವುದೂ ಇಲ್ಲ. ತಮ್ಮ ಪತ್ರದಲ್ಲಿರುವ ಹಗುರ ಒತ್ತಡದ ಕೀರಲಿಗೆ ಇದಕ್ಕಿಂತ ಅನುಕೂಲವಾದ ಸ್ಥಿತಿ ಬೇರೊಂದಿಲ್ಲ.

ತಾವು ಓಡಾಡುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಡೂರು ಸೀಮೆಯ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಮಾಪಕದಲ್ಲಿ ಅದರ ಗಡಸುತನ 5.5ರಿಂದ 6.5. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಎಂದರೆ, ಅದಿರು ಲಾರಿಗಳ ಹಿಂದೆ ದಿನವೂ ಸಾಗುವ ಬೈಕಿನ ಡಿಸ್ಕಿಗೆ ಎಂಥ ಉಜ್ಜಾಟ ನಡೆದಿರಬಹುದೆಂದು ಊಹಿಸಬಹುದು. ಡಿಸ್ಕ್ ತಣ್ಣಗಿರುವಾಗ ಉಗುರಿನ ತುದಿಯನ್ನು ಒಳಅಂಚಿನಿಂದ ಹೊರಅಂಚಿನವರೆಗೆ ಎಳೆದು ನೋಡಿ. ಹಾಡುಪೆಟ್ಟಿಗೆಯ ತಟ್ಟೆಯ ಹಾಗೆ ಉಗುರು ಗೀರುಗಳನ್ನು ಎಣಿಸುತ್ತಾ ಹೋಗಿ, ಕೊನೆಗೆ ಹೊರಅಂಚಿನಲ್ಲಿ ಒಂದು ದಿಂಡಿಗೆ ತಡೆದು ನಿಲ್ಲುತ್ತದೆ. ಹಳೆಯ ಪ್ಯಾಡ್ ಆ ಗೀರುಗಳ ಜೊತೆಗೇ ಸವೆದು, ಬೀಗಕ್ಕೆ ಕೀಲಿ ಹೊಂದಿದಂತೆ ಅವಕ್ಕೆ ಹೊಂದಿಕೊಂಡಿತ್ತು. ಹೊಸ ಪ್ಯಾಡ್ ಚಪ್ಪಟೆ. ಅದು ಗೀರುಗಳ ನೆತ್ತಿಯ ಮೇಲೆ ಮಾತ್ರ ಕೂರುತ್ತದೆ. ಗೀರು ಸಣ್ಣವಾಗಿದ್ದರೆ ಕೆಲವು ನೂರು ಕಿ.ಮೀ.ಗಳಲ್ಲಿ ಪ್ಯಾಡ್ ತಾನೇ ಒಗ್ಗಿಕೊಳ್ಳುತ್ತದೆ, ಆ ಮಟ್ಟಿಗೆ ಮಿಸ್ತ್ರಿಯವರ ಮಾತು ಸುಳ್ಳಲ್ಲ. ದಿಂಡು ಎತ್ತರವಾಗಿದ್ದು ಪ್ಯಾಡಿನ ಅಂಚು ಅದರ ಮೇಲೆ ಹತ್ತಿ ಕೂತಿದ್ದರೆ ಮಾತ್ರ ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ.

ಡಿಸ್ಕ್ ಬದಲಾಯಿಸಬೇಕೇ ಎನ್ನುವುದನ್ನು ಸದ್ದು ಕೇಳಿ ತೀರ್ಮಾನಿಸಬಾರದು, ಅಳತೆಯಿಂದ ತೀರ್ಮಾನಿಸಬೇಕು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಣ್ಣ ಅಕ್ಷರಗಳಲ್ಲಿ ಮುದ್ರೆ ಒತ್ತಿರುತ್ತಾರೆ, 4 ಮಿ.ಮೀ. ದಪ್ಪದ ಡಿಸ್ಕಿಗೆ ಅದು ಸಾಮಾನ್ಯವಾಗಿ 3.5 ಮಿ.ಮೀ. ಆಗಿರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಅನೇಕ ಗ್ಯಾರೇಜುಗಳಲ್ಲಿ ವರ್ನಿಯರ್ ಕಚ್ಚಿಸಿ ಅಳೆಯುತ್ತಾರೆ, ವರ್ನಿಯರಿನ ದವಡೆ ಸವೆಯದ ಹೊರದಿಂಡಿನ ಮೇಲೆ ಕೂತು ಸುಳ್ಳು ಲೆಕ್ಕ ತೋರಿಸುತ್ತದೆ. ಪ್ಯಾಡ್ ಓಡುವ ಜಾಗದಲ್ಲಿ ಮೈಕ್ರೊಮೀಟರ್ ಇಟ್ಟು ನಾಲ್ಕೈದು ಕಡೆ ಅಳೆಯಬೇಕು. ಅಳತೆ ಮುದ್ರೆಗಿಂತ ಕೆಳಗಿದ್ದರೆ ಡಿಸ್ಕ್ ಬದಲಾಯಿಸಿ. ಮೇಲಿದ್ದರೆ ಇನ್ನೂ ದುಡ್ಡು ಹಾಕುವ ಅಗತ್ಯವಿಲ್ಲ.

ಪಾಲಿಶ್ ಪೇಪರಿನ ಎರಡು ದಿನದ ಉಪಶಮನ ಇನ್ನೊಂದು ಸುಳಿವನ್ನು ಕೊಡುತ್ತಿದೆ. ಉಜ್ಜಿದಾಗ ಪ್ಯಾಡಿನ ಮೇಲಿನ ಗಾಜಿನಂಥ ಪದರ ಹೋಗಿದೆ, ಎರಡೇ ದಿನದಲ್ಲಿ ಅದು ಮರಳಿದೆ. ಅಂದರೆ ಪದರವನ್ನು ಹುಟ್ಟಿಸುತ್ತಿರುವ ಕಾರಣ ಗಾಡಿಯಲ್ಲೇ ಇದೆ. ಅದು ಮೇಲೆ ಹೇಳಿದ, ಪೂರ್ತಿ ಬಿಡದ ಪಿಸ್ಟನ್ ಆಗಿರಬಹುದು. ಸದಾ ಉಜ್ಜುವ ಪ್ಯಾಡ್ ಕಾದು ಹೊಳಪೇರುತ್ತದೆ. ಇಲ್ಲವೇ ಎಣ್ಣೆಯ ಪಸೆ ಆಗಿರಬಹುದು. ನಮ್ಮ ಕಡೆ ವಾಟರ್ ಸರ್ವಿಸ್ ಮಾಡುವವರಲ್ಲಿ ಕೆಲವರು ಗಾಡಿ ತೊಳೆದಾದ ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಎಂಜಿನ್ನಿಗೆ ಏನಾಗುತ್ತದೋ ಅದು ಬೇರೆ ಚರ್ಚೆ. ಡಿಸ್ಕಿನ ಮೇಲೆ ಆ ತುಂತುರು ಬಿದ್ದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಫೋರ್ಕಿನ ಆಯಿಲ್ ಸೀಲ್ ಸೋರುತ್ತಿದ್ದರೂ ಇದೇ ಗತಿ. ಈ ಅಂಕಣ ಬರೆಯುವವನೂ ಒಮ್ಮೆ ಕೆಂಪು ಧೂಳು ಹೋಗಲೆಂದು ಸೀಮೆಎಣ್ಣೆಯ ಬಟ್ಟೆಯಿಂದ ಡಿಸ್ಕ್ ಒರೆಸಿ, ಅಂದೇ ಹಾಕಿಸಿದ್ದ ಪ್ಯಾಡ್ ಜೋಡಿಯನ್ನು ಸಂಜೆಯೊಳಗೆ ಕೆಡಿಸಿಕೊಂಡಿದ್ದುಂಟು. ಎಣ್ಣೆ ಕುಡಿದ ಪ್ಯಾಡನ್ನು ಬೆಂಕಿಗೆ ಹಿಡಿದು ಸುಟ್ಟು ಮತ್ತೆ ಹಾಕುವವರಿದ್ದಾರೆ, ಅದನ್ನು ಒಪ್ಪಬೇಡಿ. ಎಣ್ಣೆಯ ಜೊತೆಗೆ ಪ್ಯಾಡನ್ನು ಹಿಡಿದಿಟ್ಟಿರುವ ಅಂಟೂ ಸುಡುತ್ತದೆ. ಅಂಥ ಪ್ಯಾಡಿಗೆ ಬದಲಿ ಒಂದೇ ದಾರಿ.

ಆದ್ದರಿಂದ ತಾವು ಮಾಡಿಸಬೇಕಾದ ಕೆಲಸ ಹೀಗಿದೆ. ಕ್ಯಾಲಿಪರನ್ನು ಬಿಚ್ಚಿಸಿ, ಲಿವರನ್ನು ಎರಡು ಮೂರು ಸಲ ಮಾತ್ರ ಮೆಲ್ಲಗೆ ಒತ್ತಿ ಪಿಸ್ಟನ್ನನ್ನು ತುಸು ಹೊರತನ್ನಿ; ಹೆಚ್ಚು ಒತ್ತಿದರೆ ಅದು ಪೂರ್ತಿ ಹೊರಬಿದ್ದು ಹೊಸ ಕೆಲಸ ಹಚ್ಚುತ್ತದೆ. ಹೊರಬಂದ ಭಾಗವನ್ನು ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಸಾಬೂನು ನೀರಿನಿಂದ ಬೆಳ್ಳಗಾಗುವವರೆಗೆ ಉಜ್ಜಿ, ಒರೆಸಿ, ಆಮೇಲೆ ಒಳಕ್ಕೆ ತಳ್ಳಿ. ತಳ್ಳುವಾಗ ಮೇಲಿನ ಡಬ್ಬಿಯ ಬ್ರೇಕ್ ಆಯಿಲ್ ಉಕ್ಕಬಹುದು, ಅದು ಬಣ್ಣವನ್ನು ತಿನ್ನುವುದರಿಂದ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿಕೊಳ್ಳಿ. ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಎರಡು ಪಿನ್ನುಗಳನ್ನು ಎಳೆದು ನೋಡಿದರೆ ತಮ್ಮ ಗಾಡಿಯಲ್ಲಿ ಗ್ರೀಸಿನ ಬದಲು ಕೆಂಪು ಕೆಸರೇ ಸಿಗುವ ಸಂಭವ ಹೆಚ್ಚು. ಅದನ್ನು ತೊಳೆದು ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ರಬ್ಬರ್ ಟೊಪ್ಪಿಗೆಯನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಬಿಗಿ ಹಿಡಿಸುತ್ತದೆ. ಪ್ಯಾಡಿನ ಬೆನ್ನಿಗೆ ಒಂದು ತೆಳು ತಗಡು ಮತ್ತು ಪ್ಯಾಡನ್ನು ಅದುಮಿ ಹಿಡಿಯುವ ಒಂದು ಪಟ್ಟಿ ಸ್ಪ್ರಿಂಗ್ ಕಂಪನಿಯಿಂದಲೇ ಬಂದಿರುತ್ತವೆ. ನಡುಕವನ್ನು ತಡೆಯುವುದೇ ಅವುಗಳ ಕೆಲಸ. ಪ್ಯಾಡ್ ಬದಲಾಯಿಸುವ ಆತುರದಲ್ಲಿ ಹಳೆಯ ಪ್ಯಾಡಿಗೆ ಅಂಟಿಕೊಂಡ ತಗಡು ಅದರ ಜೊತೆಗೇ ಕಸದ ಡಬ್ಬಿ ಸೇರುವುದು ಬಹಳ ಸಾಮಾನ್ಯವಾದ್ದರಿಂದ, ತಮ್ಮ ಗಾಡಿಯಲ್ಲಿ ಅವೆರಡೂ ಇವೆಯೇ ಎಂದು ಖುದ್ದಾಗಿ ನೋಡಿ.

ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಬ್ರೇಕ್ ಕ್ಲೀನರ್ ಹಾಕಿದ ಶುಭ್ರ ಬಟ್ಟೆಯಿಂದ, ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಪ್ಯಾಡುಗಳಿಗೆ ಎಣ್ಣೆ ತಾಗಿಲ್ಲವೆಂದು ಖಚಿತವಾದರೆ, ಗಾಜಿನ ಹಲಗೆಯ ಮೇಲೆ 120 ನಂಬರಿನ ಪೇಪರ್ ಹಾಸಿ ಹೊಳಪು ಹೋಗುವಷ್ಟೇ ಉಜ್ಜಿ, ಡಿಸ್ಕ್ ಮೊದಲು ಬಂದು ತಾಗುವ ಅಂಚನ್ನು ಅರದಿಂದ ತುಸು ಓರೆ ಮಾಡಿಸಿ. ಪಾಟಿಯ ಮೇಲೆ ಬಳಪವನ್ನು ಓರೆ ಮಾಡಿದ ಹಾಗೆಯೇ ಇದು. ಎಲ್ಲ ಜೋಡಿಸಿದ ಮೇಲೆ, ಗಾಡಿ ಹತ್ತುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಒತ್ತುವುದನ್ನು ದಯವಿಟ್ಟು ಮರೆಯಬೇಡಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮುಂದೆ ಬರುವವರೆಗೆ ಬ್ರೇಕ್ ಇರುವುದೇ ಇಲ್ಲ.

ಇಷ್ಟಾದ ಮೇಲೆ ಪ್ಯಾಡನ್ನು ಕೂರಿಸುವ ಓಟ. ಬೆಳಗಿನ ಹೊತ್ತು, ಲಾರಿಗಳಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10 ಕಿ.ಮೀ.ವರೆಗೆ, ಒಂದೇ ಹದದಲ್ಲಿ ಸಾಕಷ್ಟು ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕು, ಪೂರ್ತಿ ನಿಲ್ಲಿಸಬಾರದು. ನಡುವೆ ಅರ್ಧ ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡುತ್ತಾ ಹತ್ತು ಹನ್ನೆರಡು ಸಲ ಹೀಗೆ ಮಾಡಿದರೆ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಸಮನಾದ ತೆಳುಪದರವಾಗಿ ಹರಡಿಕೊಳ್ಳುತ್ತದೆ. ಕಾದ ಪ್ಯಾಡನ್ನು ನಿಂತ ಡಿಸ್ಕಿನ ಮೇಲೆ ಒತ್ತಿ ಹಿಡಿದರೆ ಆ ಒಂದು ಜಾಗದಲ್ಲಿ ಕಲೆ ಅಂಟಿ, ಆಮೇಲೆ ಪ್ರತಿ ಸುತ್ತಿಗೂ ಬ್ರೇಕ್ ಜಗ್ಗುತ್ತದೆ. ಹೊಸ ಪ್ಯಾಡ್ ಹಾಕಿಸಿದವರು ಸಾಮಾನ್ಯವಾಗಿ ಎರಡು ವಾರ ಹೆದರಿ ಹೆದರಿ, ತುದಿಬೆರಳಿನಲ್ಲಿ ಬ್ರೇಕ್ ಹಿಡಿಯುತ್ತಾರೆ. ಆ ಜಾಗರೂಕತೆಯೇ ಪ್ಯಾಡನ್ನು ಹೊಳಪೇರಿಸಿ ಕೀರಲು ಕಲಿಸುತ್ತದೆ.

ನಕಲಿ ಪ್ಯಾಡಿನ ಮಾತು ಕೊನೆಗೆ ಇಟ್ಟುಕೊಂಡೆವು. ಮೇಲಿನದೆಲ್ಲ ಮಾಡಿಸಿಯೂ ಸದ್ದು ಉಳಿದರೆ ಆಗ ಪ್ಯಾಡನ್ನು ಅನುಮಾನಿಸಬಹುದು. ಲೋಹದ ಪುಡಿ ಹೆಚ್ಚಿರುವ ಪ್ಯಾಡುಗಳು ಅಸಲಿಯಾದರೂ ಸ್ವಭಾವತಃ ಹೆಚ್ಚು ಸದ್ದು ಮಾಡುತ್ತವೆ, ಬಾಳಿಕೆ ಬರುತ್ತವೆಂದು ಅವನ್ನು ಕೊಡುವ ಅಂಗಡಿಗಳಿವೆ. ತಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಗೆಯದನ್ನೇ, ಬಿಲ್ಲು ಪಡೆದು ಕೊಳ್ಳಿ.

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ರೈತ ನಾನು. 2020ರಲ್ಲಿ ಕೊಂಡ 100 ಸಿಸಿ ಬೈಕಿದೆ, ಎರಡೂ ಕಡೆ ಡ್ರಮ್ ಬ್ರೇಕ್. ಹಿಂದಿನ ಬ್ರೇಕ್ ಶೂ ಹೊಸದಾಗಿ ಹಾಕಿಸಿದ ಮೇಲೆ ಪೆಡಲ್ ತುಳಿದರೆ ಕುಂಯ್ ಎಂದು ಒದರುತ್ತದೆ. ಬ್ರೇಕ್ ತುಳಿಯದಿದ್ದಾಗಲೂ ಗಾಲಿಯಲ್ಲಿ ಸರಸರ ಉಜ್ಜುವ ಸದ್ದಿದೆ. ಗ್ರೀಸ್ ಹಚ್ಚಿದರೆ ಹೋಗುತ್ತದೆಂದು ಒಬ್ಬರು ಹೇಳಿದ್ದಾರೆ. ಹಚ್ಚಬಹುದೇ?

ಉತ್ತರ: ಗ್ರೀಸಿಗೆ ಒಂದೇ ಒಂದು ಜಾಗವಿದೆ, ಅದು ಶೂಗಳನ್ನು ಅಗಲಿಸುವ ಕ್ಯಾಮು ಮತ್ತು ಅದರ ಎದುರಿನ ಗೂಟ. ಅಲ್ಲಿಯೂ ಕಾಡಿಗೆ ತೀಡಿದಷ್ಟೇ ಹಚ್ಚಬೇಕು. ಹೆಚ್ಚಾದರೆ ಬಿಸಿಲಿಗೆ ಕರಗಿ ಶೂ ಮೇಲೆ ಇಳಿಯುತ್ತದೆ, ಸದ್ದಿನ ಜೊತೆಗೆ ಬ್ರೇಕೂ ಹೋಗುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಕಾದ ಡ್ರಮ್ಮಿನೊಳಗೆ ಮಾಮೂಲಿ ಗ್ರೀಸು ನಿಲ್ಲುವುದಿಲ್ಲ. ಹೆಚ್ಚು ಉಷ್ಣ ತಡೆಯುವ ಗ್ರೀಸನ್ನೇ ಬಳಸಿ.

ಬ್ರೇಕ್ ತುಳಿಯದಿದ್ದಾಗಲೂ ಉಜ್ಜುತ್ತದೆ ಎನ್ನುವ ತಮ್ಮ ಮಾತಿನಲ್ಲಿ ಕಾರಣ ಅಡಗಿದೆ. ಗಾಲಿ ಜೋಡಿಸುವಾಗ ಶೂಗಳಿರುವ ತಟ್ಟೆ ಡ್ರಮ್ಮಿನ ನಟ್ಟನಡುವೆ ಕೂತಿಲ್ಲ. ಇದಕ್ಕೆ ಪೈಸೆ ಖರ್ಚಿಲ್ಲದ ಉಪಾಯವಿದೆ. ಆಕ್ಸಲ್ ನಟ್ಟನ್ನು ಸಡಿಲಿಸಿ, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮನೆಯವರೊಬ್ಬರಿಗೆ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಅದುಮಿ ಹಿಡಿಯಲು ಹೇಳಿ, ಅವರು ಹಿಡಿದಿರುವಾಗಲೇ ಪಾನಾ ಹಾಕಿ ನಟ್ಟನ್ನು ಬಿಗಿಯಿರಿ. ಅಗಲಿದ ಶೂಗಳು ಡ್ರಮ್ಮನ್ನು ಎರಡೂ ಕಡೆ ಅಪ್ಪಿಕೊಳ್ಳುವುದರಿಂದ ತಟ್ಟೆ ತಾನೇ ನಡುವಿಗೆ ಬರುತ್ತದೆ. ಬಿಗಿಯುವ ಮೊದಲು ಚೈನಿನ ಎರಡೂ ಬದಿಯ ಗುರುತುಗಳು ಸಮನಾಗಿರಲಿ. ಪೆಡಲ್ ಸುಮಾರು 20ರಿಂದ 30 ಮಿ.ಮೀ. ಇಳಿದ ಮೇಲೆ ಬ್ರೇಕ್ ಹಿಡಿಯುವಂತೆ ಬ್ರೇಕ್ ರಾಡಿನ ತುದಿಯ ನಟ್ಟನ್ನು ಹೊಂದಿಸಿ. ಹೊಸ ಶೂ ದಪ್ಪವಿರುವುದರಿಂದ ಹಳೆಯ ಶೂಗೆ ಬಿಗಿದಿದ್ದಷ್ಟೇ ಬಿಟ್ಟರೆ ಅದು ಸದಾ ಉಜ್ಜುತ್ತಲೇ ಇರುತ್ತದೆ. 2019ರ ಏಪ್ರಿಲ್ 1ರಿಂದ ಮಾರಾಟವಾದ 125 ಸಿಸಿವರೆಗಿನ ಬೈಕುಗಳಲ್ಲಿ ಎರಡೂ ಬ್ರೇಕುಗಳನ್ನು ಜೋಡಿಸುವ ವ್ಯವಸ್ಥೆ ಕಡ್ಡಾಯವಾದ್ದರಿಂದ, ತಮ್ಮ ಗಾಡಿಯಲ್ಲಿ ಹಿಂದಿನದನ್ನು ಹೊಂದಿಸಿದ ಮೇಲೆ ಮುಂದಿನ ಗಾಲಿಯೂ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಬೇಕು.

ಇಷ್ಟಕ್ಕೂ ಒದರುವುದು ನಿಲ್ಲದಿದ್ದರೆ ಡ್ರಮ್ಮಿನ ಒಳಮೈಗೆ ಬೆರಳಾಡಿಸಿ. ಬಾಯಿಯ ಅಂಚಿನಲ್ಲಿ ದಿಂಡು ತಾಗಿದರೆ ಹೊಸ ಶೂ ಅದರ ಮೇಲೆ ಕೂತು ಕೂಗುತ್ತಿದೆ. ಲೇಥಿನಲ್ಲಿ ಆ ದಿಂಡನ್ನು ತೆಗೆಸಬಹುದು. ಆದರೆ 130 ಮಿ.ಮೀ. ಡ್ರಮ್ಮು ಸಾಮಾನ್ಯವಾಗಿ 131 ಮಿ.ಮೀ. ಮೀರಬಾರದು, ಮೀರಿದರೆ ಅದರ ಆಯುಷ್ಯ ಮುಗಿಯಿತೆಂದೇ ಅರ್ಥ. ಶೂಗಳ ಎರಡೂ ತುದಿಗಳನ್ನು ಅರದಿಂದ ಓರೆ ಮಾಡಿಸುವುದು ಇಲ್ಲಿಯೂ ಫಲ ಕೊಡುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿದ ಭತ್ತದ ಹುಲ್ಲಿನ ಮೇಲೆ ಓಡಾಡಿದ ಗಾಡಿಗಳ ಡ್ರಮ್ಮಿನಲ್ಲಿ ಹೊಟ್ಟು, ನುಗ್ಗು ಸೇರಿ ಶೂ ಪುಡಿಯೊಡನೆ ಗಟ್ಟಿಯಾಗಿರುವುದನ್ನು ಕಂಡಿದ್ದೇವೆ. ಅದನ್ನು ಬಾಯಿಂದ ಊದಿ ತೆಗೆಯಬೇಡಿ, ಪಂಕ್ಚರ್ ಅಂಗಡಿಯ ಗಾಳಿಯನ್ನೂ ಹೊಡೆಸಬೇಡಿ. ಹಳೆಯ ಕಾಲದ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಅಗ್ಗದ ಶೂಗಳಲ್ಲಿ ಏನಿದೆಯೆಂದು ನೋಡಿ ಹೇಳಲಾಗದು. ಆ ಪುಡಿ ಪುಪ್ಪುಸಕ್ಕೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಬಿಸಾಡಿ.

ಪ್ರಶ್ನೆ: ಕುಷ್ಟಗಿ ಬಳಿ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತೇನೆ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ಕಚ್ಚಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿಗೆ ಮುಂದಿನ ಡಿಸ್ಕ್, ಪ್ಯಾಡ್ ಎರಡನ್ನೂ ಹೊಸದಾಗಿ ಹಾಕಿಸಿದೆ. ಈಗ ಬ್ರೇಕ್ ಹಿಡಿದಾಗ ಗಾಲಿಯ ಪ್ರತಿ ಸುತ್ತಿಗೆ ಒಮ್ಮೆ ಟಕ್ ಎನ್ನುತ್ತದೆ, ಲಿವರ್ ಬೆರಳಿಗೆ ಮಿಡಿಯುತ್ತದೆ. ಎಬಿಎಸ್ ಕೆಟ್ಟಿದೆಯೇ?

ಉತ್ತರ: ಎಬಿಎಸ್ ಮಿಡಿತ ಗಾಲಿ ಜಾರುವಷ್ಟು ಜೋರಾಗಿ ಬ್ರೇಕ್ ಹಿಡಿದಾಗ ಮಾತ್ರ, ಪಟಪಟನೆ ಬರುತ್ತದೆ. ಸುತ್ತಿಗೊಮ್ಮೆ ಬರುವ ಮಿಡಿತ ಡಿಸ್ಕ್ ಸೊಟ್ಟಗೆ ಕೂತಿರುವುದರ ಗುರುತು. ಡಿಸ್ಕ್ ಹೊಸದಾದ್ದರಿಂದ ಬಾಗಿರುವುದಕ್ಕಿಂತ, ಅದು ಕೂರುವ ಹಬ್ಬಿನ (ಗಾಲಿಯ ನಡುಭಾಗದ) ಮೈಯಲ್ಲಿ ತುಕ್ಕಿನ ಹಕ್ಕಳೆಯೋ ಕಲ್ಲಿನ ಪುಡಿಯೋ ಉಳಿದಿರುವ ಸಾಧ್ಯತೆ ಹೆಚ್ಚು. ಗ್ರಾನೈಟಿನಲ್ಲಿರುವ ಬೆಣಚು ಮೋಸ್ ಮಾಪಕದಲ್ಲಿ 7ರ ಗಡಸು. ಬೋಲ್ಟು ಎಷ್ಟು ಬಿಗಿದರೂ ಪುಡಿಯಾಗಿ ಜಾಗ ಬಿಡುವ ವಸ್ತುವಲ್ಲ ಅದು. ಬುಡದಲ್ಲಿ ಉಗುರಿನ ದಪ್ಪವೂ ಇಲ್ಲದ ಹರಳು ಡಿಸ್ಕಿನ ಅಂಚಿಗೆ ಬರುವ ಹೊತ್ತಿಗೆ ದೊಡ್ಡ ಓಲಾಟವಾಗುತ್ತದೆ. ಡಿಸ್ಕ್ ಬಿಚ್ಚಿಸಿ, ಹಬ್ಬಿನ ಮೈಯನ್ನು ತಂತಿ ಬ್ರಶ್ಶಿನಿಂದ ಉಜ್ಜಿಸಿ, ಬೋಲ್ಟುಗಳನ್ನು ಒಂದರ ಪಕ್ಕ ಒಂದನ್ನಲ್ಲ, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಟಾರ್ಕ್ ಪಾನಾದಿಂದ ಬಿಗಿಸಿ. ಡಯಲ್ ಗೇಜ್ ಇರುವ ಗ್ಯಾರೇಜಿನಲ್ಲಿ ಓಲಾಟವನ್ನು ಅಳೆಸಿದರೆ ಅದು ಸಾಮಾನ್ಯವಾಗಿ 0.3 ಮಿ.ಮೀ. ಒಳಗಿರಬೇಕು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆಯ ಲೇಪ ಕೊಟ್ಟಿರುತ್ತಾರೆ, ಅದನ್ನು ಒರೆಸದೆ ಜೋಡಿಸಿದ್ದರೆ ತಮ್ಮ ಪ್ಯಾಡುಗಳು ಈಗಾಗಲೇ ಎಣ್ಣೆ ಕುಡಿದಿರುತ್ತವೆ. ಗಾಡಿ ಹೊರಟ ಮೇಲೂ ಮೀಟರಿನಲ್ಲಿ ಎಬಿಎಸ್ ದೀಪ ಆರದಿದ್ದರೆ ಮಾತ್ರ, ಡಿಸ್ಕ್ ಬದಲಾಯಿಸುವಾಗ ಪಕ್ಕದ ಹಲ್ಲುಬಳೆ (ಗಾಲಿಯ ವೇಗವನ್ನು ಸೆನ್ಸರಿಗೆ ತಿಳಿಸುವ ಹಲ್ಲುಗಳ ಬಳೆ) ಸೊಟ್ಟಾಗಿದೆಯೇ, ಸೆನ್ಸರಿನ ತುದಿಗೆ ಕಲ್ಲಿನ ಪುಡಿ ಅಂಟಿದೆಯೇ ಎಂದು ನೋಡಿಸಿ.

ಪ್ರಶ್ನೆ: ಬಳ್ಳಾರಿ ನಗರದಲ್ಲಿ ವಾಸ. ಮಳೆ ಬಂದ ಮರುದಿನ ಅಥವಾ ಗಾಡಿ ತೊಳೆದ ಮರುದಿನ ಬೆಳಿಗ್ಗೆ ಮಾತ್ರ ಡಿಸ್ಕ್ ಬ್ರೇಕ್ ಗೊರಗೊರ ಎನ್ನುತ್ತದೆ. ಪ್ಯಾಡ್ ಬದಲಾಯಿಸಿ ಮೂರು ತಿಂಗಳಾಗಿದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸದ್ದು ಇರುವುದೇ ಇಲ್ಲ.

ಉತ್ತರ: ರಾತ್ರಿಯಿಡೀ ಒದ್ದೆಯಾಗಿ ನಿಂತ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಟ್ಟುತ್ತದೆ, ಬೆಳಿಗ್ಗೆ ಮೊದಲ ಐದಾರು ಸಲ ಬ್ರೇಕ್ ಹಿಡಿದಾಗ ಪ್ಯಾಡ್ ಅದನ್ನು ಕೆರೆದು ತೆಗೆಯುತ್ತದೆ. ತಾವು ಕೇಳುತ್ತಿರುವುದು ಆ ಕೆರೆತವನ್ನು. ಗ್ಯಾರೇಜಿಗೆ ಹೋಗುವ ಅಗತ್ಯವಿಲ್ಲ. ಗಾಡಿ ತೊಳೆದ ದಿನ ನಿಲ್ಲಿಸುವ ಮೊದಲು ಒಂದು ಸುತ್ತು ಹೋಗಿ ನಾಲ್ಕು ಸಲ ಬ್ರೇಕ್ ಹಿಡಿದು ಒಣಗಿಸಿ ನಿಲ್ಲಿಸಿ.